ಸೋಲಿನ್ಯಾಗ ಎರಡು ನಮೂನಿ

ಈ ಸಲ ದೀವಳಗಿ ಅಮಾಸಿ ದಿನ ನಮ್ಮನ್ಯಾಗ ಲಕ್ಷ್ಮೀ ಪೂಜಾ ಐದು ಗಂಟೆದೊಳಗನ ಮುಗದ್ ಹೋತು. "ಇನ್ನೂ ಹೊತ್ತ ಮುಳುಗಿಲ್ಲ, ಇಷ್ಟ್ಯಾಕ ಗಡಿಬಿಡಿ?" ಅಂತ ಅತ್ತಿಯವರು ಕೇಳಿದ್ರು. ಯಾರೂ ಬಾಯಿ ಬಿಡಲಿಲ್ಲ. ಖರೇ ಸಂಗ್ತಿ ಏನಂದ್ರ, ಅವತ್ತ ಅಕ್ಟೋಬರ್ 20, ನಮ್ಮ ಸಿಯಾಟಲ್ ಟೈಮಿಗೆ ಸಂಜೀ ಐದಕ್ಕ ಟೊರಾಂಟೋದಾಗ ಏಳನೇ ಮ್ಯಾಚು ಶುರು ಇತ್ತು. ಗೆದ್ದವರು ವರ್ಲ್ಡ್ ಸೀರೀಸಿಗೆ, ಸೋತವರು ಮನೀಗೆ. ಲಕ್ಷ್ಮೀ ಮುಂದ ಎರಡು ದೀಪ ಹಚ್ಚಿ, ತಾಟಿನ ತುಂಬ ಚಕ್ಲಿ, ಕರ್ಚಿಕಾಯಿ ಹಾಕ್ಕೊಂಡು ಮೂರು ತಲಿಮಾರು ಟೀವಿ ಮುಂದ ಕುಂತ್ವಿ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಸಿಯಾಟಲ್ ಮ್ಯಾರಿನರ್ಸ್ 1977ರಾಗ ಹುಟ್ಟಿದ ಬೇಸ್‌ಬಾಲ್ ತಂಡ. ಇರೂ 30 ತಂಡದಾಗ ಒಮ್ಮೆನೂ ವರ್ಲ್ಡ್ ಸೀರೀಸ್ ಆಡಲಾರದ್ದು ಇದೊಂದೇ. 2001ರಾಗ 116 ಮ್ಯಾಚು ಗೆದ್ದು ದಾಖಲೆ ಸರಿಗಟ್ಟಿದ್ರು, ಆದ್ರೂ ಯಾಂಕೀಸ್ ಕೈಯಾಗ ಸೋತ್ರು. ಅದರ ಮ್ಯಾಲೆ 20 ಸೀಸನ್ ಪ್ಲೇಆಫಿನ ಬಾಗಿಲಾನೂ ಕಾಣಲಿಲ್ಲ. ಇಂಥಾ ತಂಡಕ್ಕ ನಾವು ಹುಬ್ಬಳ್ಳಿ ಮಂದಿ ಬಂದು ಗಂಟು ಬಿದ್ದೀವಿ. ನಮ್ಮ ಹುಡುಗ ಇಲ್ಲೇ ಹುಟ್ಟಿದಾವ, ಅವನಿಗೆ ಬ್ಯಾರೆ ತಂಡ ಗೊತ್ತಿಲ್ಲ. ಅವನ ಕೈ ಹಿಡಕೊಂಡು ನಾವೂ ಒಳಗ ಹೊಕ್ಕ್ವಿ.

ಅವತ್ತ ಏಳನೇ ಇನಿಂಗ್ಸ್‌ನ್ಯಾಗ ನಮ್ಮವರು 3-1 ಮುಂದ ಇದ್ರು. ಹುಲಿಯೋ ರೊಡ್ರಿಗೆಜ್ ಒಂದು ಹೋಮ್ ರನ್, ಕ್ಯಾಲ್ ರಾಲಿ ಒಂದು. ಬ್ರಾಯನ್ ವೂ ಇಬ್ಬರನ್ನ ಬೇಸಿಗೆ ಬಿಟ್ಟ. ಅವನ್ನ ತಗದು ಬಜಾರ್ಡೋನ್ನ ಕರೆದ್ರು. ಜಾರ್ಜ್ ಸ್ಪ್ರಿಂಗರ್ ಹೊಡದ ಚೆಂಡು ಎಡಗಡೆ ಗೋಡಿ ದಾಟಿ ಹೋತು. ಮೂರು ರನ್ನು. 4-3. ವರ್ಲ್ಡ್ ಸೀರೀಸಿಗೆ ಬರೇ ಎಂಟು ಔಟ್ ದೂರ ಇದ್ದ್ವಿ. ಆಮ್ಯಾಲೆ ಒಂದು ರನ್ನೂ ಬರಲಿಲ್ಲ. ಹುಲಿಯೋ ಸ್ಟ್ರೈಕ್‌ಔಟ್ ಆಗಿ ಎಲ್ಲಾ ಮುಗೀತು. ಹುಡುಗ ಎದ್ದು ತನ್ನ ಖೋಲಿಗೆ ಹೋಗಿ ಬಾಗಲಾ ಹಾಕ್ಕೊಂಡ. ನಮ್ಮನಿಯವರು ಗೋಡಿ ನೋಡ್ಕೋತ ಕುಂತ್ರು. ನಾ ದೀಪಕ್ಕ ಎಣ್ಣಿ ಹಾಕೋ ನೆಪದಾಗ ಎದ್ದು ಹೋಗಿ ಅತ್ತೆ. ಖರೇನ ಹೇಳ್ತೀನಿ, ನಾಚಿಕೇನಿಲ್ಲ.

ಮರುದಿನದಿಂದ ಸಮಾಧಾನ ಹೇಳವರ ಸಾಲು ಹತ್ತಿತು. ಆಫೀಸಿನ್ಯಾಗ, ಸಾಲಿ ಮುಂದ, ಕನ್ನಡ ಮಂದಿ ಗ್ರೂಪಿನ್ಯಾಗ ಎಲ್ಲಾ ಕಡೆ ಒಂದೇ ಮಾತು: "ಪ್ಲೇಆಫ್ ಅಂದ್ರ ಲಾಟರಿ ಇದ್ದಂಗ್ರಿ. ನಸೀಬು. ಹೋದ ವರ್ಷಾನೂ ಹಂಗ ಆತು, ಅದರ ಹಿಂದಿನ ವರ್ಷಾನೂ ಹಂಗ ಆತು. ತಾಳ್ಮಿ ಇಟ್ಕೋರಿ." ಇವರು ಒಳ್ಳೇ ಮನಸ್ಸಿನಿಂದನ ಹೇಳ್ತಾರ. ಆದ್ರ ಈ ಮಾತಿನ್ಯಾಗ ಅರ್ಧಾ ಖರೇ, ಅರ್ಧಾ ಸುಳ್ಳು. ಆ ಸುಳ್ಳಿನಿಂದ ಲಾಭ ಯಾರಿಗೆ ಅಂತ ಕೇಳೋದಕ್ಕ ಇದನ್ನ ಬರೀಲಿಕತ್ತೀನಿ.

ಈ ವರ್ಷದ ಸೋಲಿಗೆ ನಸೀಬು ಅನ್ರಿ, ನಾ ಒಪ್ಕೋತೀನಿ. ಮುನ್ಯೋಸ್‌ನ್ನ ಯಾಕ ಕರೀಲಿಲ್ಲ ಅಂತ ಊರೆಲ್ಲಾ ಡ್ಯಾನ್ ವಿಲ್ಸನ್‌ಗೆ ಬೈತು. ನನಗೂ ಆ ಕ್ಷಣಕ್ಕ ಸಿಟ್ಟು ಬಂದಿತ್ತು. ಆದ್ರ ಒಬ್ಬ ಮ್ಯಾನೇಜರ್ ತನಗ ತಿಳದಂಗ ಒಂದು ನಿರ್ಣಯ ತೊಗೊಂಡ, ಎದುರಿನಾವ ಛಲೋ ಹೊಡದ. ಅದು ಆಟ. ಸ್ಪ್ರಿಂಗರ್ ಬ್ಯಾಟು ನಾಲ್ಕು ಬೆರಳು ಆಕಡೆ ಈಕಡೆ ಆಗಿದ್ರ ನಾವ ಗೆಲ್ತಿದ್ವಿ. ಇಂಥಾ ಸೋಲಿಗೆ ಅಳಬಹುದು. ಸಿಟ್ಟಾಗಬಾರದು.

ಆದ್ರ 2023, 2024ರ ಸೋಲನ್ನ ಇದೇ ಚೀಲದಾಗ ತುಂಬಿ "ಎಲ್ಲಾ ನಸೀಬು" ಅಂತ ಬಾಯಿ ಕಟ್ಟಬ್ಯಾಡ್ರಿ. ಅದು ಬ್ಯಾರೆ ಸೋಲು.

ಲೆಕ್ಕ ತಗೀರಿ. ಒಂದು ಸೀಸನ್ನಿಗೆ 162 ಮ್ಯಾಚು. 2023ರಾಗ ನಮ್ಮವರು 88 ಗೆದ್ರು, ಒಂದೇ ಒಂದು ಮ್ಯಾಚಿನ ಕೊರತಿಗೆ ಪ್ಲೇಆಫಿನ ಹೊರಗ ನಿಂತ್ರು. ಸೀಸನ್ ಮುಗಿಯೂ ಮುಂದ ಕ್ಯಾಲ್ ರಾಲಿ ಮನಸ್ಸಿನ್ಯಾಗಿದ್ದದ್ದು ಆಡಿಬಿಟ್ಟ: ಗೆಲ್ಲಬೇಕಂದ್ರ ಬ್ಯಾರೆ ತಂಡದವರಂಗ ಒಳ್ಳೇ ಆಟಗಾರರನ್ನ ತರಬೇಕು ಅಂದ. ಮರುದಿನ ಪಾಪ ಅವನ ಕ್ಷಮಾ ಕೇಳಿದ. ಆಮ್ಯಾಲೆ ತಂಡದ ಕಾರಭಾರ ನೋಡೂ ಜೆರ್ರಿ ಡಿಪೋಟೋ ಪತ್ರಕರ್ತರ ಮುಂದ ಕುಂತು, ಹತ್ತು ವರ್ಷದಾಗ ನೂರಕ್ಕ 54 ಮ್ಯಾಚು ಗೆಲ್ಲೋದು ನಮ್ಮ ದಾರಿ, ತಾಳ್ಮಿ ಇಟ್ಕೋರಿ ಅಂತ ಕೇಳೋದ್ರಾಗ ಅಭಿಮಾನಿಗಳಿಗೆ ನಾವು ಉಪಕಾರಾನ ಮಾಡ್ಲಿಕತ್ತೀವಿ ಅನ್ನೋ ಅರ್ಥದ ಮಾತಾಡಿದ್ರು.

ಉಪಕಾರ! ನಾ ಅವತ್ತ ರೊಟ್ಟಿ ಬಡಿಯೋದು ಬಿಟ್ಟು ಕ್ಯಾಲ್ಕ್ಯುಲೇಟರ್ ಹಿಡಕೊಂಡೆ. 162ಕ್ಕ ನೂರಕ್ಕ 54 ಅಂದ್ರ ಎಂಬತ್ತೇಳೂವರಿ. ಆ ವರ್ಷ ಗೆದ್ದದ್ದು 88. ಅಂದ್ರ ಅವರು ಹೇಳಿದ ಗುರಿ ಮುಟ್ಟೇ ಇದ್ರು, ಆದ್ರೂ ಹೊರಗ! ಪರೀಕ್ಷಾದಾಗ ಪಾಸಾಗೋದಕ್ಕ ಎಷ್ಟ ಬೇಕೋ ಅದಕ್ಕ ಒಂದು ಮಾರ್ಕು ಕಡಿಮಿ ಗುರಿ ಇಟ್ಕೊಂಡು ಓದೂ ಹುಡುಗಗ ಮನ್ಯಾಗ ಏನಂತೀವಿ? "ನಸೀಬು ಕೆಟ್ಟಿತ್ತೋ ಕಂದಾ" ಅಂತೀವೇನು?

ಆ ಚಳಿಗಾಲದಾಗ ಏನ್ ಮಾಡಿದ್ರು ನೋಡ್ರಿ. ಸುವಾರೆಜ್‌ನ್ನ ಅರಿಜೋನಾಕ್ಕ ಕಳಿಸಿದ್ರು. ಟೆಯೋಸ್ಕಾರ್ ಹರ್ನಾಂಡೆಜ್‌ನ್ನ ಸುಮ್ನ ಬಿಟ್ಟುಕೊಟ್ರು. ಇವರು ಸ್ಟ್ರೈಕ್‌ಔಟ್ ಭಾಳ ಆಗ್ತಾರ ಅನ್ನೋದು ಕಾರಣ. ಆತು, ಅವರು ಹೋದ ಮ್ಯಾಲೆ 2024ರಾಗ ಏನಾತು? ಎಲ್ಲಾ 30 ತಂಡದಾಗ ಅತೀ ಹೆಚ್ಚು ಸ್ಟ್ರೈಕ್‌ಔಟ್ ನಮ್ಮವರದ! ಅರಿಜೋನಾದಾಗ ಸುವಾರೆಜ್ 30 ಹೋಮ್ ರನ್ ಹೊಡದ. ಟೆಯೋಸ್ಕಾರ್ ಡಾಜರ್ಸ್‌ಗೆ ಹೋಗಿ 33 ಹೊಡದ, ವರ್ಲ್ಡ್ ಸೀರೀಸ್ ಗೆದ್ದು ಉಂಗುರಾ ಹಾಕ್ಕೊಂಡ.

ಇತ್ತ ನಮ್ಮ ಬೌಲಿಂಗ್, ಅಂದ್ರ ಪಿಚಿಂಗ್, ದೇಶದಾಗ ಮೊದಲಿನ ದರ್ಜೆದ್ದು. ಗಿಲ್ಬರ್ಟ್, ಕಿರ್ಬಿ, ಕಸ್ಟಿಯೋ, ಮಿಲ್ಲರ್, ವೂ. ಇಂಥಾ ಐದು ಮಂದಿ ಒಂದೇ ತಂಡದಾಗ ಕೂಡೋದು ಅಪರೂಪ. ಜೂನ್ ನಡುವ ವಿಭಾಗದಾಗ ಹತ್ತು ಮ್ಯಾಚು ಮುಂದ ಇದ್ರು. ಒಂದು ತಿಂಗಳದಾಗ ಅದೆಲ್ಲಾ ಕರಗಿ ಹೋತು. ಪಿಚರ್ ಪಾಪ ಎರಡೇ ರನ್ ಕೊಟ್ಟು ಹೋಗ್ತಿದ್ದ, ಇವರು ಒಂದ ಹೊಡೀತಿದ್ರು. ಆಗಸ್ಟಿನ್ಯಾಗ ಮ್ಯಾನೇಜರ್ ಸ್ಕಾಟ್ ಸರ್ವೈಸ್‌ನ್ನ ತಗದು ಹಾಕಿದ್ರು. ಕಡೀಕ 85 ಗೆಲುವು. ಡೆಟ್ರಾಯಿಟ್, ಕಾನ್ಸಸ್ ಸಿಟಿ 86 ಗೆದ್ದು ಒಳಗ ಹೋದ್ರು. ಹೊಳ್ಳಿ ಒಂದೇ ಮ್ಯಾಚು!

ಅಡಗಿಗೆ ಎಲ್ಲಾ ತಂದು, ಒಗ್ಗರಣಿಗೆ ಎಣ್ಣಿ ಉಳಿಸಿದಂಗ ಇದು. ಸಾರು ಸಪ್ಪಗಾತಂತ ಬಾಣಸಿಗನ್ನ ಮನೀಗೆ ಕಳಿಸಿದ್ರು.

ನಮ್ಮ ಮಂದಿ ಒಂದು ಮಾತು ತಗೀತಾರ: "ಆರ್‌ಸಿಬಿಗೆ ಹದಿನೆಂಟು ಸೀಸನ್ ಕಾದಿಲ್ಲೇನ್ರಿ? ಜೂನ್ 3ಕ್ಕ ಬರಲಿಲ್ಲೇನು ಕಪ್ಪು?" ಕಾದೀವಿ. ನಾನೂ ಅತ್ತೀನಿ, ಕುಣದೀನಿ. ಆದ್ರ ಎರಡಕ್ಕೂ ಫರಕು ಅದ. ಐಪಿಎಲ್ ಹರಾಜಿನ್ಯಾಗ ಎಲ್ಲಾ ತಂಡಕ್ಕೂ ಒಂದೇ ಮಿತಿ, 2025ರದ್ದು 120 ಕೋಟಿ. ಮಾಲಕಗ ಆಶಾ ಇದ್ರೂ ಅದರ ಮ್ಯಾಲೆ ಹೋಗಲಿಕ್ಕೆ ಬರಂಗಿಲ್ಲ. ಅಲ್ಲಿ ಸೋತ್ರ ಆರಿಸಿದ್ದು ತಪ್ಪಿರಬೇಕು, ಇಲ್ಲಾ ಆಡಿದ್ದು ತಪ್ಪಿರಬೇಕು. ಬೇಸ್‌ಬಾಲಿನ್ಯಾಗ ಹಂಗ ಮಿತಿ ಇಲ್ಲ. ಒಂದು ಗೆರಿ ದಾಟಿದ್ರ ದಂಡದ ತೆರಿಗಿ ಕಟ್ಟಬೇಕು, ಅಷ್ಟ. ಡಾಜರ್ಸ್ ಆಟಗಾರರ ಪಗಾರು ನಮ್ಮಕಿಂತ ಸುಮಾರು ಎರಡು ಪಟ್ಟು. ಇಲ್ಲಿ ಚೀಲದ ಬಾಯಿ ಬಿಚ್ಚೋದು ಬಿಡೋದು ಮಾಲಕನ ಕೈಯಾಗ ಅದ. ಹಂಗಾಗಿ ಆರ್‌ಸಿಬಿಗೆ ಇಟ್ಟ ತಾಳ್ಮಿನ ಇಲ್ಲಿ ಕೇಳೋದು ನ್ಯಾಯ ಅಲ್ಲ.

"ರೊಕ್ಕಾ ಸುರದ್ರ ಗೆಲ್ತಾರೇನು?" ಅಂತ ನಮ್ಮನಿಯವರು ಕೇಳಿದ್ರು. ಇದು ಖರೇ ಪ್ರಶ್ನೆ, ಜಾರಿಸಬಾರದು. ನ್ಯೂಯಾರ್ಕ್ ಮೆಟ್ಸ್ ಹುವಾನ್ ಸೋಟೋಗ ಹದಿನೈದು ವರ್ಷಕ್ಕ 76.5 ಕೋಟಿ ಡಾಲರ್ ಕೊಟ್ಟು ತಂದ್ರು, ಈ ವರ್ಷ ಪ್ಲೇಆಫ್ ಸೇರಲಿಲ್ಲ. ಸಣ್ಣ ಪಗಾರಿನ ಮಿಲ್ವಾಕಿ 97 ಗೆದ್ದು ಎಲ್ಲಾರಕಿಂತ ಮುಂದ ನಿಂತಿತು. ರೊಕ್ಕದಿಂದ ಕಪ್ಪು ಕೊಳ್ಳಲಿಕ್ಕೆ ಬರಂಗಿಲ್ಲ. ಆದ್ರ ನಾ ಕೇಳ್ಲಿಕತ್ತಿದ್ದು ಕಪ್ಪಲ್ಲ. ಎರಡು ವರ್ಷ ಒಂದೊಂದ ಮ್ಯಾಚಿಗೆ ಹೊರಗ ಉಳಿದ ತಂಡಕ್ಕ ಒಬ್ಬ ಒಳ್ಳೇ ಬ್ಯಾಟರ್ 162 ಮ್ಯಾಚಿನ್ಯಾಗ ಒಂದಾದ್ರೂ ಗೆಲ್ಲಿಸಿ ಕೊಡ್ತಿದ್ದಿಲ್ಲೇನು? ಇದಕ್ಕ ಯಾವ ಲಾಟರಿ ಬೇಕು?

ಪುರಾವೆ ಬೇಕಂದ್ರ ಈ ವರ್ಷಾನ ನೋಡ್ರಿ. ಜುಲೈ ಕೊನಿಗೆ ಅರಿಜೋನಾದಿಂದ ಜಾಶ್ ನೇಲರ್‌ನ್ನ ತಂದ್ರು. ಅದೇ ಅರಿಜೋನಾದಿಂದ, ತಾವ ಕಳಿಸಿದ್ದ ಸುವಾರೆಜ್‌ನ್ನೂ ಹೊಳ್ಳಿ ತಂದ್ರು! ಏನಾತು? 90 ಗೆಲುವು, 2001ರ ಮ್ಯಾಲೆ ಮೊದಲ ಸಲ ವಿಭಾಗದಾಗ ಮೊದಲನೇ ಸ್ಥಾನ. ರಾಲಿ 60 ಹೋಮ್ ರನ್ ಹೊಡದ, ಯಾವ ಕ್ಯಾಚರೂ ಹೊಡದಿರಲಿಲ್ಲ. ಡೆಟ್ರಾಯಿಟ್ ಮ್ಯಾಲೆ 15 ಇನಿಂಗ್ಸ್ ಆಡಿ ಗೆದ್ರು, ಅವತ್ತ ಅತ್ತಿಯವರು ಜಪದ ಮಣಿ ಕೈಬಿಡಲಿಲ್ಲ. ಟೊರಾಂಟೋ ಜೋಡಿ ಐದನೇ ಮ್ಯಾಚಿನ್ಯಾಗ ಬೇಸ್ ತುಂಬಿದಾಗ ಸುವಾರೆಜ್ ಹೊಡದ ಚೆಂಡಿಗೆ ಇಡೀ ಸ್ಟೇಡಿಯಂ ನಡುಗಿತು. ಚೀಲದ ಬಾಯಿ ಬಿಚ್ಚಿದ ವರ್ಷ ಎಂಟು ಔಟ್ ದೂರ, ಬಿಚ್ಚಲಾರದ ವರ್ಷ ಬಾಗಲ ಹೊರಗ.

ಇನ್ನೊಂದು ಮಾತು. ಆ ಸ್ಟೇಡಿಯಂ ಬರೇ ಮಾಲಕರ ರೊಕ್ಕದಾಗ ಎದ್ದದ್ದಲ್ಲ. 1995ರಾಗ ಕಿಂಗ್ ಕೌಂಟಿ ಮತದಾರರು ಸ್ವಲ್ಪದರಾಗ ತೆರಿಗಿ ಬ್ಯಾಡ ಅಂದ್ರು, ಆದ್ರೂ ರಾಜ್ಯದ ಶಾಸನಸಭೆ ಬ್ಯಾರೆ ತೆರಿಗಿ ಹಾಕಿ ದಾರಿ ಮಾಡಿ ಕೊಟ್ಟಿತು. 1999ರಾಗ ಬಾಗಲಾ ತೆರೀತು. 2018ರಾಗ ಅದರ ದುರಸ್ತಿಗೆ ಅಂತ ಕೌಂಟಿ ಹೊಟೇಲ್ ತೆರಿಗಿದಾಗಿಂದ ಇನ್ನೂ 13.5 ಕೋಟಿ ಡಾಲರ್ ಕೊಟ್ಟಿತು. ಊರು ತನ್ನ ಪಾಲು ಇಟ್ಟದ. ಪಾಲು ಇಟ್ಟವರಿಗೆ "ತಾಳ್ಮಿ ನಿಮಗ ಉಪಕಾರ" ಅನ್ನೋದು ಯಾವ ಮರ್ಯಾದಿ?

ಸೋತ ಎರಡು ದಿನದ ಮ್ಯಾಲೆ ಹುಡುಗ ಊಟಕ್ಕ ಕುಂತಾಗ ಕೇಳಿದ: "ಅಮ್ಮಾ, ಪ್ರತೀ ವರ್ಷ ಸೋಲೋರಿಗೆ ಯಾಕ ಸಪೋರ್ಟ್ ಮಾಡಬೇಕು?" ನನಗ ಉತ್ತರ ಹೊಳೀಲಿಲ್ಲ. ಅತ್ತಿಯವರು ಅವನ ತಾಟಿಗೆ ಮೊಸರು ಹಾಕ್ಕೋತ ಅಂದ್ರು, "ನಮ್ಮ ಹೊಲದಾಗೂ ಎಷ್ಟೋ ವರ್ಷ ಜ್ವಾಳ ಹೋಗ್ಯಾವಪ್ಪಾ. ಬಿತ್ತಿದ ಮ್ಯಾಲೆ ಮಳಿ ಕೈ ಕೊಟ್ರ ಅಳೋದು. ಬಿತ್ತಲಾರದ ಕುಂತಾವ ಬೆಳಿ ಬರಲಿಲ್ಲಂತ ಅತ್ರ, ಅವನ ಜೋಡಿ ಅಳಬಾರದು, ಬೈಬೇಕು."

ನನ್ನ ವಾದಾನೂ ಇಷ್ಟ. ಈ ವರ್ಷ ಬಿತ್ತಿದ್ರು, ಮಳಿ ಕೈ ಕೊಟ್ಟಿತು. ಅದಕ್ಕ ಆ ತಂಡದ ಜೋಡಿ ಅತ್ತೀವಿ, ಮುಂದಿನ ವರ್ಷಾನೂ ಅದೇ ನೀಲಿ ಟೊಪ್ಪಿಗಿ ಹಾಕ್ಕೊಂಡು ಹೋಗ್ತೀವಿ. ಆದ್ರ 2023, 2024ರಾಗ ಬೀಜಾನ ಉಳಿಸಿಟ್ಟಿದ್ರು. ಆ ಎರಡು ವರ್ಷಕ್ಕ ನಮ್ಮಿಂದ ತಾಳ್ಮಿ ಕೇಳಬ್ಯಾಡ್ರಿ. ಸಮಾಧಾನ ಹೇಳೋ ಒಳ್ಳೇ ಮಂದಿಗೂ ಅದೇ ಬೇಡಿಕಿ: ಎಂಟು ಔಟಿನ ದುಃಖದಾಗ ಆ ಎರಡು ವರ್ಷದ ಜುಗ್ಗತನ ತೊಳದು ಸ್ವಚ್ಛ ಮಾಡಬ್ಯಾಡ್ರಿ. ನಾವ "ನಸೀಬು" ಅಂತ ತಲಿ ಅಲ್ಲಾಡಿಸಿದ ದಿನ ಅವರು ಹೊಳ್ಳಿ ಚೀಲದ ಬಾಯಿ ಕಟ್ಟತಾರ.

ಈಗ ಚಳಿಗಾಲ ಬಂತು. 2025ರ ಸೀಸನ್ ಮುಗಿದಾಗ ನೇಲರ್ ಒಪ್ಪಂದ ಮುಗದಿತ್ತು, ಸುವಾರೆಜ್‌ದೂ ಮುಗದಿತ್ತು. ಯಾರನ್ನ ಇಟ್ಕೋತಾರ, ಯಾರನ್ನ ಬಿಡ್ತಾರ ಅನ್ನೋದ್ರ ಮ್ಯಾಲೆ ಗೊತ್ತಾಗ್ತದ, ಮುಂದಿನ ಅಕ್ಟೋಬರಿನ್ಯಾಗ ನಾವು ಅಳಬೇಕೋ ಬೈಬೇಕೋ ಅಂತ.

ಅತ್ತಿಯವರು ಈ ತಿಂಗಳ ಕೊನಿಗೆ ಹುಬ್ಬಳ್ಳಿಗೆ ಹೊಂಟಾರ. ನೇಲರ್ ಮೈಯಿ ನೋಡಿದ್ರ ಓಡವನಂಗ ಕಾಣಂಗಿಲ್ಲ, ಆದ್ರ ಎಲ್ಲಾರ ಕಣ್ಣು ತಪ್ಪಿಸಿ ಬೇಸ್ ಕದೀತಾನ. ಹಂಗಾಗಿ ಅತ್ತಿಯವರಿಗೆ ಅವನ ಮ್ಯಾಲೆ ಭಾಳ ಜೀವ. ನಿನ್ನೆ ಚೀಲಾ ಕಟ್ಟಕೋತ ಅಂದ್ರು: "ಆ ಕಳ್ಳ ಹುಡುಗನ್ನ ಇಟ್ಕೊಂಡ್ರ ಫೋನ್ ಮಾಡವಾ. ಬಿಟ್ರ ಮಾಡಬ್ಯಾಡ, ಸುಮ್ನ ನನ್ನ ಬಿಪಿ ಏರ್ತದ."