ಗಣಕ ಕಟ್ಟೆ: ವಿಳಾಸವಿದೆ, ಕಾಣುವುದಿಲ್ಲ

ಸಂಘದ ಜಾಲತಾಣ ನೋಡಿಕೊಳ್ಳುವ ಕೆಲಸ ಕೊನೆಗೆ ನಿಮ್ಮ ತಲೆಗೇ ಬರುತ್ತದೆ. 'ನೀನು ಕಂಪ್ಯೂಟರ್ ಓದಿದವಳಲ್ಲವೇನಮ್ಮಾ, ಇದೊಂದು ನೋಡಿಬಿಡು' ಎಂದು ಕಾರ್ಯದರ್ಶಿಗಳು ಹೇಳಿದರೆ ಮುಗಿಯಿತು. ರಾಜ್ಯೋತ್ಸವದ ಹೊತ್ತಿಗೆ ಅವರದೇ ದೂರು: 'ಸಂಪರ್ಕ ಪುಟದಲ್ಲಿ ನಮ್ಮ ಇ-ಮೇಲ್ ಕಾಣುತ್ತಿಲ್ಲ, ಏನೋ ಇಂಗ್ಲಿಷ್ ಸಾಲು ಬರುತ್ತಿದೆ.'

ಇದನ್ನು ಸಣ್ಣ ವಿಷಯವೆಂದು ಮುಂದೂಡಬೇಡಿ. ವರ್ಗವಾಗಿ ಊರಿಗೆ ಬಂದ ಕುಟುಂಬಕ್ಕೆ, ಮಗುವಿಗೆ ಕನ್ನಡ ತರಗತಿ ಹುಡುಕುವ ತಾಯಿಗೆ ಸಂಘದ ಬಾಗಿಲೆಂದರೆ ಆ ಒಂದು ವಿಳಾಸ. ಅದು ಕಾಣದಿದ್ದರೆ ಅವರು ದೂರು ಕೊಡುವುದಿಲ್ಲ, ಸುಮ್ಮನೆ ಹೋಗಿಬಿಡುತ್ತಾರೆ.

ನಿಮ್ಮ ತಾಣ ಜೂಮ್ಲಾದಲ್ಲಿದ್ದರೆ (2005ರಲ್ಲಿ ಬಂದ ಈ ತಂತ್ರಾಂಶವನ್ನು ಈಗಲೂ ಎಷ್ಟೋ ಸಂಸ್ಥೆಗಳು ಬಳಸುತ್ತವೆ) ಆ ಇಂಗ್ಲಿಷ್ ಸಾಲಿನ ಅರ್ಥ ಇಷ್ಟು: ವಿಳಾಸವನ್ನು ಕಸದಂಚೆಯವರಿಂದ ಬಚ್ಚಿಟ್ಟಿದ್ದೇವೆ, ನೋಡಲು ಜಾವಾಸ್ಕ್ರಿಪ್ಟ್ ಬೇಕು. ಬಚ್ಚಿಡುವುದು 'ಇಮೇಲ್ ಕ್ಲೋಕಿಂಗ್' ಎಂಬ ಪ್ಲಗಿನ್. ಲೇಖನದಲ್ಲಿ ವಿಳಾಸ ಕಂಡೊಡನೆ ಅದನ್ನು ಅಡಗಿಸಿ, ಓದುಗರ ಬ್ರೌಸರ್‌ನಲ್ಲಿ ಸ್ಕ್ರಿಪ್ಟ್ ಮೂಲಕ ಮತ್ತೆ ಜೋಡಿಸುತ್ತದೆ. ಸ್ಕ್ರಿಪ್ಟ್ ಓಡದಿದ್ದರೆ ಎಚ್ಚರಿಕೆಯ ಸಾಲಷ್ಟೇ ಉಳಿಯುತ್ತದೆ. ಪುಟದ ವೇಗ ಹೆಚ್ಚಿಸಲೆಂದು ಹಾಕಿದ ಎಕ್ಸ್‌ಟೆನ್ಷನ್ ಆ ಸ್ಕ್ರಿಪ್ಟನ್ನು ಕೆಡಿಸಿರಬಹುದು. ಇಲ್ಲವೇ ವಿಳಾಸವಿರುವ ಭಾಗ ಪಾಪ್-ಅಪ್‌ನಲ್ಲಿ ತಡವಾಗಿ ಬರುವಂಥದ್ದಾಗಿರಬಹುದು.

ಪ್ಲಗಿನ್ಅನ್ನೇ ನಿಲ್ಲಿಸಬಹುದು. ಒಂದು ಲೇಖನಕ್ಕೆ ಮಾತ್ರ ಸಾಕೆಂದರೆ, ಲೇಖನದೊಳಗೆ ಪುಷ್ಪಾವರಣದಲ್ಲಿ 'ಇಮೇಲ್‌ಕ್ಲೋಕ್=ಆಫ್' ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ. ನನ್ನನ್ನು ಕೇಳಿದರೆ, ಸಂಪರ್ಕ ಪುಟದಲ್ಲಿ ಈ ಮುಸುಕು ಬೇಡವೇ ಬೇಡ. ಕಸದಂಚೆ ಸೋಸುವ ಕೆಲಸವನ್ನು ಇಂದಿನ ಅಂಚೆ ಸೇವೆಗಳೇ ಮಾಡುತ್ತವೆ. ಆದರೆ ಪದಾಧಿಕಾರಿಗಳ ಸ್ವಂತ ವಿಳಾಸ ಹಾಕಬೇಡಿ. ಸಂಘದ್ದೇ ಒಂದು ವಿಳಾಸವಿರಲಿ.

ತಾಣದ ಮುಂದೆ ಕ್ಲೌಡ್‌ಫ್ಲೇರ್ ಸೇವೆ ಇದ್ದರೆ ಅದೂ ಹೀಗೆಯೇ ಬಚ್ಚಿಡುತ್ತದೆ. ಆಗ ಚೌಕಾವರಣದೊಳಗೆ 'ಇಮೇಲ್ ಪ್ರೊಟೆಕ್ಟೆಡ್' ಎಂದು ಕಾಣುತ್ತದೆ. ಜೂಮ್ಲಾದಲ್ಲಿ ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ. ಆ ಸೇವೆಯ ಖಾತೆಗೆ ಹೋಗಿ ಇಮೇಲ್ ಅಬ್‌ಫಸ್ಕೇಷನ್ ಆರಿಸಬೇಕು.

ವಿಳಾಸ ಕಾಣುತ್ತದೆ, ಒತ್ತಿದರೆ ಬೇರೆಲ್ಲೋ ಹೋಗುತ್ತದೆ ಎನ್ನುತ್ತೀರಾ? ಕೊಂಡಿಯ ಮೇಲೆ ಮೌಸ್ ಇಟ್ಟು, ಬ್ರೌಸರ್‌ನ ಕೆಳಮೂಲೆ ನೋಡಿ. ಅಲ್ಲಿ 'ಮೇಲ್‌ಟು' ಮತ್ತು ವಿವರಣ ಚಿಹ್ನೆ ಮೊದಲಿರಬೇಕು. ಅದಿಲ್ಲದಿದ್ದರೆ ಬ್ರೌಸರ್ ವಿಳಾಸವನ್ನು ನಿಮ್ಮದೇ ತಾಣದ ಒಂದು ಪುಟವೆಂದು ತಿಳಿದು, ಪುಟ ಸಿಗಲಿಲ್ಲ ಎನ್ನುತ್ತದೆ. ಯಾರೋ ಉತ್ಸಾಹದಿಂದ ಎಚ್‌ಟಿಟಿಪಿ ಸೇರಿಸಿದ್ದರೆ ಇನ್ನೂ ತಮಾಷೆ: @ ಚಿಹ್ನೆಯ ಹಿಂದಿನದು ಬಳಕೆದಾರರ ಹೆಸರೆಂದು ಭಾವಿಸಿ, ಮುಂದಿನದನ್ನು ತಾಣವೆಂದು ತೆರೆಯುತ್ತದೆ. ಸಂಘಕ್ಕೆ ಬರೆಯಲು ಹೊರಟವರು ಜಿಮೇಲ್ ಬಾಗಿಲಲ್ಲಿ ನಿಂತಿರುತ್ತಾರೆ! ಎಲ್ಲ ಸರಿಯಿದ್ದೂ ಒತ್ತಿದಾಗ ಏನೂ ಆಗದಿದ್ದರೆ, ಆ ಕಂಪ್ಯೂಟರಿನಲ್ಲಿ ಅಂಚೆ ತಂತ್ರಾಂಶ ಹೊಂದಿಸಿಲ್ಲವೆಂದು ಅರ್ಥ, ತಪ್ಪು ನಿಮ್ಮದಲ್ಲ. ಅದಕ್ಕೇ 'ಇಲ್ಲಿ ಒತ್ತಿ' ಎಂದಷ್ಟೇ ಬರೆಯದೆ, ನಕಲು ಮಾಡಿಕೊಳ್ಳುವಂತೆ ಪೂರ್ತಿ ವಿಳಾಸ ಬರೆಯಿರಿ.

ಇನ್ನು ನಮ್ಮ ಕನ್ನಡಕ್ಕೇ ವಿಶೇಷವಾದ ಎರಡು ತೊಡಕುಗಳಿವೆ. ಆಹ್ವಾನ ಪತ್ರಿಕೆಯನ್ನು ಮುದ್ರಣಾಲಯದವರು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಮಾಡಿರುತ್ತಾರೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ನಡುವೆ ಇದ್ದ ಇಂಗ್ಲಿಷ್ ವಿಳಾಸವೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿಬಿಡುತ್ತದೆ. ವಿಳಾಸವನ್ನು ಪರಿವರ್ತನೆಯ ನಂತರ ಕೈಯಾರೆ ಟೈಪ್ ಮಾಡಿ. ಎರಡನೆಯದು ನಮ್ಮ ವಿಭಕ್ತಿ ಪ್ರತ್ಯಯ. 'ಈ ವಿಳಾಸಕ್ಕೆ ಬರೆಯಿರಿ' ಎನ್ನುವ ಬದಲು ವಿಳಾಸಕ್ಕೇ 'ಗೆ' ಅಂಟಿಸಿದರೆ, ನಕಲು ಮಾಡುವವರ ಕೈಗೆ 'ಗೆ' ಕೂಡ ಬರುತ್ತದೆ, ಪತ್ರ ಹೋಗುವುದಿಲ್ಲ. ಕಣ್ಣಿಗೆ ಕಾಣದ ಅರ್ಧಾಕ್ಷರದ ಸಂಕೇತವೂ ಹೀಗೇ ಅಂಟಿಕೊಳ್ಳುವುದುಂಟು. ವಿಳಾಸವನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯುವುದೇ ಕ್ಷೇಮ.

ಸರಿಪಡಿಸಿದ ಮೇಲೂ ಹಳೆಯದೇ ಕಂಡರೆ ತಾಣದ ಕ್ಯಾಶ್ ಅಳಿಸಿ. ನಂತರ ಲಾಗಿನ್ ಆಗಿರುವ ನಿಮ್ಮ ಯಂತ್ರದಲ್ಲಲ್ಲ, ಅಮ್ಮನ ಮೊಬೈಲಿನಲ್ಲಿ ಪುಟ ತೆರೆದು, ಆ ಕೊಂಡಿಯಿಂದಲೇ ಒಂದು ಪತ್ರ ಕಳಿಸಿ. ಕಾರ್ಯದರ್ಶಿಗಳಿಗೆ ಅದು ತಲುಪಿತೇ ಎಂದು ಫೋನ್ ಮಾಡಿ ಕೇಳಿ.