ಗಾಜಿನ ತೊಟ್ಟಿಯ ಗಿಡ, ಊರಿನ ಕೆರೆ

ಮೀನಿನ ತೊಟ್ಟಿಯ ಸಸ್ಯಗಳು ಕೇವಲ ಅಲಂಕಾರವಲ್ಲ. ಬೆಳಕಿನಲ್ಲಿ ಅವು ಆಮ್ಲಜನಕವನ್ನು ಬಿಡುತ್ತವೆ; ನೀರಿನ ಅಮೋನಿಯವನ್ನು ಹೀರುತ್ತವೆ. ಕತ್ತಲೆಯಲ್ಲಿಯಾದರೋ ಅವೂ ಮೀನುಗಳಂತೆ ಆಮ್ಲಜನಕವನ್ನೇ ಬಳಸುತ್ತವೆ. ಆದುದರಿಂದ ಸಣ್ಣ ತೊಟ್ಟಿಯಲ್ಲಿ ಗಿಡಗಳನ್ನು ಕಿಕ್ಕಿರಿಸಬಾರದು. ದಿನಕ್ಕೆ ಸುಮಾರು 8 ಗಂಟೆಗಳ ಬೆಳಕು ಸಾಕು. ಹೆಚ್ಚಾದರೆ ಪಾಚಿ ಕಟ್ಟುತ್ತದೆ. ನಮ್ಮ ಕೆರೆಗಳವೇ ಆದ ಹೈಡ್ರಿಲ್ಲ, ವ್ಯಾಲಿಸ್ನೇರಿಯಗಳನ್ನು ಆರಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಅವು ಮಂದ ಬೆಳಕಿನಲ್ಲಿಯೂ ಬೆಳೆಯುತ್ತವೆ.

ಕೊಳೆತ ಎಲೆಗಳನ್ನು ತೆಗೆದು, ಅತಿಯಾಗಿ ಬೆಳೆದುದನ್ನು ಕತ್ತರಿಸುತ್ತಿರಬೇಕು. ಕತ್ತರಿಸಿದುದನ್ನು ಏನು ಮಾಡುವುದು? ನಮ್ಮ ಹೊಣೆ ಇರುವುದು ಇಲ್ಲಿಯೇ. 1950ರ ದಶಕದಲ್ಲಿ ತೊಟ್ಟಿಗಳಿಗೆಂದು ಅಮೆರಿಕದ ಫ್ಲಾರಿಡಕ್ಕೆ ಒಯ್ದ ಹೈಡ್ರಿಲ್ಲ, ಹೊರಬಿದ್ದು ಅಲ್ಲಿಯ ಸರೋವರಗಳನ್ನೇ ಮುತ್ತಿತು. ನಮ್ಮ ಗಿಡವು ಅಲ್ಲಿ ಮಾಡಿದುದನ್ನು ಹೊರನಾಡಿನ ಗಿಡವು ಇಲ್ಲಿ ಮಾಡಲಾರದೆ? ಕತ್ತರಿಸಿದುದನ್ನು ಪೂರ್ತಿ ಒಣಗಿಸಿ ಗೊಬ್ಬರ ಮಾಡೋಣ. ಕೆರೆಗೆ ಮಾತ್ರ ಎಸೆಯದಿರೋಣ.