ಪ್ರಚಾರದಾಗ ದಾರ ಬರೂದಿಲ್ಲ

ಮೊನ್ನೆ ಗೋಧಿ ಬೀಸಿಸಲಿಕ್ಕೆ ಗಿರಣಿಗೆ ಹೋಗಿದ್ದೆ. ಅಲ್ಲಿ ನಮ್ಮ ಓಣಿಯ ಕಾಕು ಒಬ್ರು ಸಿಕ್ಕು, "ಈ ಸಲ ಗಣಪತಿ ಲಿಲಾವಿಗೆ ನಾ ಎರಡು ಕೌದಿ ಕೊಡಲಿಕ್ಕತ್ತೇನವಾ, ಭಾಳ ಪ್ರಚಾರ ಆಗ್ತದಂತ" ಅಂದ್ರು. ಅವರ ಮಾರಿ ಮ್ಯಾಲಿನ ಖುಷಿ ನೋಡಿ ಅಲ್ಲಿ ನಾ ಏನೂ ಅನ್ನಲಿಲ್ಲ. ಮನಿಗೆ ಬಂದು ಹಿಟ್ಟಿನ ಡಬ್ಬಿ ಇಟ್ಟ ಮ್ಯಾಲೆ ಸುಮ್ನ ಕೂಡಲಿಕ್ಕೆ ಆಗಲಿಲ್ಲ. ಅದರ ಸಂಬಂಧ ಇದನ್ನ ಬರೀಲಿಕ್ಕತ್ತೇನಿ. ಸಿಟ್ಟಿನಿಂದನ ಬರೀಲಿಕ್ಕತ್ತೇನಿ, ಮೊದಲ ಹೇಳಿಬಿಡ್ತೇನಿ. ಆ ಸಿಟ್ಟಿನಾಗ ಅರ್ಧ ನನ್ನ ಮ್ಯಾಲೇ ಅದ.

ನಿಮಗ ಗೊತ್ತಿದ್ದದ್ದ, ನಾನೂ ನಮ್ಮ ನೆಗೆಣ್ಣಿಯೂ ಕೂಡಿ ಕಸೂತಿ ಕೆಲಸ ಮಾಡ್ತೇವಿ. ಅಂಗಡಿ ಇಲ್ಲ, ಬೋರ್ಡಿಲ್ಲ. ಗುರುತಿನವರ ಬಾಯಿಂದ ಬಾಯಿಗೆ ಸುದ್ದಿ ಹೋಗಿ ಆರ್ಡರ್ ಬರ್ತಾವ. ಲೆಕ್ಕ, ಮಾತುಕತಿ, ದಾರ ತರೂದು ನನ್ನ ಕೆಲಸ. ಸೂಜಿ ಆಕಿದು. ಮೂರು ವರ್ಷದ ಹಿಂದ ಮಂಡಳದ ಹುಡುಗೂರು ಪಟ್ಟಿ ಕೇಳಲಿಕ್ಕೆ ಬಂದವರು, "ವೈನಿ, ಒಂದು ಕಸೂತಿ ಸೀರಿ ಕೊಡ್ರಿ. ಲಿಲಾವಿಗೆ ಇಡ್ತೇವಿ. ಬಂದ ರೊಕ್ಕ ಸಾಲಿ ಹುಡುಗೂರ ವಹಿ-ಪುಸ್ತಕಕ್ಕ. ನಿಮಗೂ ಪುಕಟ ಪ್ರಚಾರ" ಅಂದ್ರು. ನಾ ಹಿಗ್ಗಿ ಹೂಂ ಅಂದೆ. ನೆಗೆಣ್ಣಿ ಒಳಗ ಭಕ್ರಿ ಬಡೀತಿದ್ಲು. ಆಕಿನ್ನ ಕೇಳಲಿಲ್ಲ.

ಈಗ ಲೆಕ್ಕ ಕೇಳ್ರಿ. ಇಲಕಲ್ ಸೀರಿ 3,200 ರೂಪಾಯಿ. ರೇಷ್ಮಿ ದಾರ 350. ಸೆರಗಿನ ಮ್ಯಾಲೆ ಗೋಪುರ, ತೇರು, ನವಿಲು. ನಡುವ ತುಳಸಿ ಕಟ್ಟಿ. ದಿನಕ್ಕ ಮೂರು ತಾಸಿನಂಗ 40 ದಿನ, ಅಂದ್ರ 120 ತಾಸು. ತಾಸಿಗೆ ಬರೇ 50 ರೂಪಾಯಿ ಹಿಡಿದ್ರೂ ಕೂಲಿ 6,000. ಎಲ್ಲಾ ಕೂಡಿ 9,550.

ಲಿಲಾವಿನ್ಯಾಗ ಮೊದಲ ಗಣಪ್ಪನ ಮುಂದಿನ ತೆಂಗಿನಕಾಯಿ ಕೂಗಿದ್ರು. 5,100ಕ್ಕ ಹೋತು. ಆಮ್ಯಾಲೆ ನಮ್ಮ ಸೀರಿ. "ಒಂದು ಸೀರಿ ಅದ ನೋಡ್ರಿ, 500ರಿಂದ ಶುರು" ಅಂದ ಮೈಕಿನವ. ಕಸೂತಿ ಅನ್ನೂ ಶಬ್ದ ಸೈತ ಅವನ ಬಾಯಾಗ ಬರಲಿಲ್ಲ. 1,700ಕ್ಕ ಒಂದನೇ ಸಲ, ಎರಡನೇ ಸಲ, ಮೂರನೇ ಸಲ. ಮುಗೀತು. ತಗೊಂಡವರ ಹೆಸರು ಎರಡು ಸಲ ಮೈಕಿನ್ಯಾಗ ಬಂತು, ಚಪ್ಪಾಳಿ ಬಿತ್ತು. ಹಾಕಿದಾಕಿ ಹೆಸರು ಒಂದು ಸಲಾನೂ ಬರಲಿಲ್ಲ.

ಪ್ರಚಾರ ಆಗಲಿಲ್ಲ ಅನ್ನೂದಿಲ್ಲ. ಆತು! ಹದಿನೈದು ದಿನದಾಗ ಊರಿಗೆಲ್ಲ ಗೊತ್ತಾತು, ಇವರ ಮನಿ ಕಸೂತಿ ಸೀರಿ 1,700ಕ್ಕ ಸಿಗ್ತದಂತ. ಮೊದಲ ಆರ್ಡರ್ ಕೊಟ್ಟಿದ್ದ ಒಬ್ರು ಬಂದು, "ಅಲ್ರಿ, ಲಿಲಾವಿನ್ಯಾಗ ಅಷ್ಟಕ್ಕ ಕೊಟ್ಟೀರಿ, ನಮಗ್ಯಾಕ ಒಂಬತ್ತು ಸಾವಿರ ಹೇಳ್ತೀರಿ?" ಅಂತ ಕೇಳಿ ಆರ್ಡರ್ ವಾಪಸ್ ತಗೊಂಡ್ರು. ಲಿಲಾವಿನಿಂದ ಬಂದ ಹೊಸ ಗಿರಾಕಿ ಎಷ್ಟು? ಒಬ್ರೂ ಇಲ್ಲ.

ಇನ್ನೊಂದು ಲೆಕ್ಕ ಅದ, ಅದು ಇದಕ್ಕಿಂತ ಚುಚ್ಚೂದು. ಸೀರಿಗೂ ದಾರಕ್ಕೂ ನನ್ನ ಕೈಯಿಂದ ಹೋದ ರೊಕ್ಕ 3,550. ಸಾಲಿ ಹುಡುಗೂರಿಗೆ ಮುಟ್ಟಿದ್ದು 1,700. ಆ 3,550 ನಾ ಲಕೋಟಿಯೊಳಗ ಹಾಕಿ ಕೊಟ್ಟಿದ್ರ ಹುಡುಗೂರಿಗೆ ಎರಡು ಪಟ್ಟು ಹೆಚ್ಚು ವಹಿ ಬರ್ತಿದ್ವು, ನೆಗೆಣ್ಣಿ ಕಣ್ಣೂ ಉಳೀತಿದ್ವು. ಹಂಗಾದ್ರ ಈ ದಾನ ಯಾರಿಗೆ ಆತ್ರಿ? ಅಗ್ಗಕ್ಕ ಸೀರಿ ಹೊಡಕೊಂಡವರಿಗೆ ಆತು.

ನಮ್ಮ ಅತ್ತಿಯವರು, "ದೇವರಿಗೆ ಕೊಟ್ಟ ಮ್ಯಾಲೆ ಲೆಕ್ಕ ಹಾಕಬಾರದವಾ" ಅಂದ್ರು. ಮಾತು ಖರೆ ಅದ, ನಾ ಒಪ್ಪತೇನಿ. ದಾನ ಅಂದ್ರ ದಾನ, ಕೊಟ್ಟು ಮರೀಬೇಕು. ಆದ್ರ ಕೇಳಲಿಕ್ಕೆ ಬಂದವರು ದಾನ ಅಂತ ಕೇಳಲಿಲ್ಲಲ್ಲ, ಪ್ರಚಾರ ಅಂತ ಕೇಳಿದ್ರು. ಪ್ರಚಾರ ಅನ್ನೂದು ವ್ಯಾಪಾರದ ಮಾತು, ವ್ಯಾಪಾರಕ್ಕ ಲೆಕ್ಕ ಇರಬೇಕು. ದಾನದ ಹೆಸರಿನ್ಯಾಗ ವ್ಯಾಪಾರ, ವ್ಯಾಪಾರದ ಆಸೆದಾಗ ದಾನ, ಎರಡೂ ಕಲಸಿದ್ರ ಅತ್ತ ಪುಣ್ಯಾನೂ ಇಲ್ಲ, ಇತ್ತ ಗಿರಾಕೀನೂ ಇಲ್ಲ.

ಮತ್ತ ದಾನ ಮಾಡಿದ್ದು ಯಾರದನ್ನ ಯಾರು? ನಮ್ಮ ನೆಗೆಣ್ಣಿ ಜಗಳಾಡೂ ಹೆಣ್ಣಮಗಳಲ್ಲ. ಅವತ್ತು ರಾತ್ರಿ ಹಾಸಿಗಿ ಹಾಸ್ತಾ ಅಷ್ಟ ಅಂದ್ಲು: "ಅಕ್ಕಾ, ಪುಣ್ಯ ನಿಮಗ ಬಂತು, ಬೆನ್ನುನೋವು ನನಗ." ನನ್ನ ಹತ್ರ ಉತ್ತರ ಇರಲಿಲ್ಲ. ಮಂಡಳದವರು ನನಗ ಮಾಡಿದ್ದನ್ನ ನಾ ಆಕಿಗೆ ಮಾಡಿದ್ದೆ. ಆಕಿ ಮೂರು ತಿಂಗಳು ಸೂಜಿ ಮುಟ್ಟಲಿಲ್ಲ.

ಪೆಂಡಾಲಿನವ ಬಿಲ್ ಕೊಡ್ತಾನ, ಅವಂಗ ರೊಕ್ಕ ಕೊಡ್ತಾರ. ಮೈಕಿನವಂಗ ಕೊಡ್ತಾರ, ಲೈಟಿನವಂಗ ಕೊಡ್ತಾರ, ಬ್ಯಾಂಡಿನವರಿಗೆ ಮುಂಗಡ ಕೊಡ್ತಾರ. "ಮೈಕಿನ ಮ್ಯಾಲೆ ನಿನ್ನ ಅಂಗಡಿ ಹೆಸರದ, ಪ್ರಚಾರ ಆಗ್ತದ, ಪುಕಟ ಹಚ್ಚು" ಅಂತ ಅವಂಗ ಅಂದು ನೋಡ್ಲಿ ಒಂದ್ಸಲ, ವೈರ್ ಸುತ್ತಿಕೊಂಡು ಹೋಗ್ತಾನ. ಕೌದಿ ಹೊಲಿಯಾಕಿ, ಕಸೂತಿ ಹಾಕಾಕಿ, ಕ್ರೋಶಾ ಹೆಣಿಯಾಕಿ ಕಂಡ್ರ ಮಾತ್ರ ಪ್ರಚಾರ ನೆನಪಾಗ್ತದ. ಯಾಕಂದ್ರ ನಮ್ಮದು ಕೆಲಸ ಅಲ್ಲ, "ಹೊತ್ತು ಹೋಗಲಾರದ್ದಕ್ಕ ಮಾಡೂದು". ಹಿಂಗ ಅನ್ನಾವರನ್ನ ಕಸೂತಿ ಮುಂದ ಕೂಡಿಸಿ ನೋಡಬೇಕು. ಅರಿವಿ ಮ್ಯಾಲೆ ಗೀಟು ಎಳಿಯೂ ಹಂಗಿಲ್ಲ, ಎಳಿ ಎಣಿಸಿ ಹಾಕಬೇಕು. ಗಂಟು ಹಾಕೂ ಹಂಗಿಲ್ಲ. ಗವಂತಿ, ಮುರ್ಗಿ ಹಾಕಿದ್ರ ಒಳಗೂ ಹೊರಗೂ ಒಂದೇ ಥರ ಕಾಣಬೇಕು. ಒಂದು ಎಳಿ ತಪ್ಪಿದ್ರ ಬಿಚ್ಚಬೇಕು. ಈ ಕಸೂತಿಗೆ ಸರಕಾರದ ಜಿಐ ಗುರುತು ಅದ. ಅದನ್ನ ಹಾಕಾಕಿಗೆ ಗುರುತಿಲ್ಲ.

ಲಿಲಾವಿನ ಗುಣಾನ ಹಂಗದ, ತಿಳಕೊಳ್ರಿ. ಹೈದರಾಬಾದಿನ ಬಾಲಾಪುರ ಗಣಪತಿ ಲಾಡು ನೀವು ಕೇಳಿರಬೇಕು. 1994ರಾಗ 450 ರೂಪಾಯಿಗೆ ಹೋಗಿತ್ತು. 2024ರಾಗ 30 ಲಕ್ಷ ದಾಟ್ತು. ಲಾಡುವಿನ ಬೆಲಿ ಏನು ಅಷ್ಟು ಏರ್‍ಯದ? ಕಡಲಿಹಿಟ್ಟು, ಸಕ್ರಿ, ತುಪ್ಪ, ಅದ ಅಲ್ಲ? ಅಲ್ಲಿ ಮಂದಿ ಕೂಗೂದು ಪ್ರಸಾದಕ್ಕ, ಭಕ್ತಿಗೆ, ನಾಕು ಜನರ ಮುಂದ ಹೆಸರಿಗೆ. ನಮ್ಮ ಓಣಿ ತೆಂಗಿನಕಾಯಿದೂ ಅದ ಕತಿ. ಲಿಲಾವಿನ್ಯಾಗ ಹತ್ತೂ ಬೆಲಿ ವಸ್ತುವಿನ ಬೆಲಿ ಅಲ್ಲ, ಆ ಹೊತ್ತಿನ ಹುರುಪಿನ ಬೆಲಿ. ಹುರುಪು ಪ್ರಸಾದದ ಕಡೆ ಹರೀತದ, ಹೆಸರಿಲ್ಲದ ಸೀರಿ ಕಡೆ ಹರಿಯೂದಿಲ್ಲ. ಅದಕ್ಕ ಅಲ್ಲಿ ಕೂಗಿದ್ದ ನಮ್ಮ ಕೈಕೆಲಸದ ಬೆಲಿ ಅಂತ ಯಾರರ ಅಂದ್ರ ಒಪ್ಪಬ್ಯಾಡ್ರಿ.

"ಮತ್ತ ಲಿಲಾವಿಗೆ ಕೊಡೂದ ಬ್ಯಾಡೇನು?" ಅಂತೀರಿ. ಕೊಡ್ರಿ. ನಾವೂ ಹೋದ ವರ್ಷ ಕೊಟ್ವಿ. ಆದ್ರ ಈ ಸಲ ಇಬ್ರೂ ಕೂಡಿ ಕೂತು ಮಾತಾಡಿ, ಕರಾರು ಮಾಡಿ ಕೊಟ್ವಿ. ಸೀರಿ ಕೊಡಲಿಲ್ಲ, ಒಂದು ಚೀಟಿ ಕೊಟ್ವಿ. ಚೀಟಿ ಗೆದ್ದಾಕಿ ತನ್ನ ಕುಬಸದ ಅರಿವಿ ತಗೊಂಡು ನಮ್ಮ ಮನಿಗೆ ಬರಬೇಕು, ತೋಳಿಗೂ ಬೆನ್ನಿಗೂ ಕಸೂತಿ ಹಾಕಿ ಕೊಡ್ತೇವಿ. ಕೂಲಿ 1,000, ದಾರ 100, ಕೂಡಿ 1,100 ರೂಪಾಯಿಯಿಂದನ ಕೂಗು ಶುರು ಆಗಬೇಕು. ಅಷ್ಟಕ್ಕೂ ಯಾರೂ ಕೂಗಲಿಲ್ಲಂದ್ರ ಚೀಟಿ ವಾಪಸ್. ಆ 1,100 ಸೂಜಿ ಹಿಡಿದಾಕಿಗೆ, ಅದರ ಮ್ಯಾಲೆ ಬಂದದ್ದೆಲ್ಲ ಹುಡುಗೂರಿಗೆ. ಮೇಜಿನ ಮ್ಯಾಲೆ ಒಂದು ನಮೂನಿ ಕುಬಸ, ಹೊರಳಿಸಿ ನೋಡೂ ಹಂಗ. ಮೈಕಿನ್ಯಾಗ ಹಾಕಾಕಿ ಹೆಸರು, ಎಷ್ಟು ತಾಸಿನ ಕೆಲಸ ಅನ್ನೂದು ಬರಕೊಟ್ಟಂಗ ಓದಬೇಕು.

"ದೇವರ ಕೆಲಸದಾಗ ಇಷ್ಟು ಲೆಕ್ಕ ಏನ್ರಿ ವೈನಿ?" ಅಂದ್ರು. "ಪೆಂಡಾಲಿನ ಬಿಲ್ ತೋರಸ್ರಿ, ಆಮ್ಯಾಲೆ ಮಾತಾಡೂಣು" ಅಂದೆ. ನಕ್ಕು ಒಪ್ಪಿದ್ರು. ಚೀಟಿ 1,900ಕ್ಕ ಹೋತು. 800 ಹುಡುಗೂರಿಗೆ ಹೋತು. ನಾ ಬ್ಯಾರೆ ಲಕೋಟಿಯೊಳಗ 500 ಹಾಕಿ ಕೊಟ್ಟೆ. ಅದು ದಾನ, ಅದನ್ನ ಮರತೇನಿ ಅನ್ನಬೇಕಂದ್ರ ಇಲ್ಲಿ ಬರದಬಿಟ್ಟೆ ನೋಡ್ರಿ. ಚೀಟಿ ಗೆದ್ದಾಕಿ ಮನಿಗೆ ಬಂದ್ರು, ಚಹಾ ಕುಡದ್ರು, ನೆಗೆಣ್ಣಿ ಸೂಜಿ ಹಿಡಿಯೂದನ್ನ ಅರ್ಧ ತಾಸು ಕೂತು ನೋಡಿದ್ರು. ದೀಪಾವಳಿಗೆ ಅವರ ಕಡೆಯಿಂದ ಎರಡು ಆರ್ಡರ್ ಬಂದ್ವು. ಬೆಲಿ ಹೇಳಿದಾಗ ಚೌಕಾಶಿ ಮಾಡಲಿಲ್ಲ. ಪ್ರಚಾರ ಅಂದ್ರ ಇದು. ಮಾಡಾಕಿನ್ನ ನೋಡಬೇಕು, ಆಕಿ ಹೆಸರು ಕೇಳಬೇಕು.

ಇನ್ನೊಂದು ಮಾತು. ದೊಡ್ಡ ಸಂಸ್ಥಾದವರು ಬಂದು "ಟ್ಯಾಕ್ಸಿನ್ಯಾಗ ಬಿಡ್ತಾರ" ಅಂತ ಆಸೆ ಹಚ್ಚಿದ್ರ ನಂಬಬ್ಯಾಡ್ರಿ. ಆ ವಿನಾಯಿತಿ ರೊಕ್ಕದ ದಾನಕ್ಕ, ಅದೂ ನಗದು ಕೊಟ್ರ 2,000 ತನಕ ಅಷ್ಟ, ಅದಕ್ಕೂ ಮಾನ್ಯತಾ ಇದ್ದ ಸಂಸ್ಥಾದ ರಸೀತಿ ಬೇಕು. ಸೀರಿ, ಕೌದಿ, ಚೀಲ ಕೊಟ್ರ ಅದು ಸಿಗೂದಿಲ್ಲ.

ಕಾಕು, ನೀವು ಇದನ್ನ ಓದ್ತೀರಂತ ನನಗ ಗೊತ್ತು. ನಿಮ್ಮ ಕೌದಿಯೊಳಗ ನಿಮ್ಮ ಅವ್ವನ ಸೀರಿ ತುಂಡು ಅವ. ಅದನ್ನ 300ರಿಂದ ಕೂಗೂದನ್ನ ನನ್ನ ಕೈಲೆ ಕೇಳಲಿಕ್ಕೆ ಆಗೂದಿಲ್ಲ. ಕೊಡಬೇಕಂದ್ರ ಒಂದ ಕೊಡ್ರಿ, ಕರಾರು ಮಾಡಿ ಕೊಡ್ರಿ. ಮಂಡಳದ ಹುಡುಗೂರು ಬರೂಕಿಂತ ಮೊದಲ ನಮ್ಮ ಮನಿಗೆ ಬರ್‍ರಿ. ಎಷ್ಟು ದಿನ ಹೊಲದೀರಿ ಹೇಳ್ರಿ, ಚೀಟಿ ನಾ ಬರದು ಕೊಡ್ತೇನಿ. ನಿಮ್ಮ ಹೆಸರು ದಪ್ಪ ಅಕ್ಷರದಾಗ.